ಫ್ಯಾನ್ ತಿರುಗುತ್ತಿದೆ, ಡಿಸ್‌ಪ್ಲೇ ಮಾತ್ರ ಬರುತ್ತಿಲ್ಲ

ಹೋದ ವರ್ಷ ಒಂದು ಭಾನುವಾರ ಸಂಜೆ ಹಾಸನದಿಂದ ಅಕ್ಕನ ಮಗ ವಿಡಿಯೊ ಕಾಲ್ ಮಾಡಿದ. ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡು ದಿನ ಸುತ್ತಾಡಿ, ಕಂಪ್ಯೂಟರಿನ ಒಂದೊಂದೇ ಪಾರ್ಟ್ ಕೊಂಡು ತಂದಿದ್ದ. ಅಂಗಡಿಯವರ ಕೈಲಿ ಅಸೆಂಬಲ್ ಮಾಡಿಸದೆ ತಾನೇ ಕೂತು ಜೋಡಿಸಿದ್ದ. ಬಟನ್ ಒತ್ತಿದಾಗ ಫ್ಯಾನ್‌ಗಳು ತಿರುಗಿದವು. ಬಣ್ಣದ ಲೈಟುಗಳು ಹತ್ತಿದವು. ಮಾನಿಟರ್ ಮಾತ್ರ ಕಪ್ಪಗೇ ಉಳಿಯಿತು. "ಮಾಮ, ಡಿಸ್‌ಪ್ಲೇನೇ ಬರ್ತಿಲ್ಲ. ಬೋರ್ಡ್ ಹೋಗಿದೆ ಅನ್ಸುತ್ತೆ" ಅಂದ. ದನಿ ಕುಗ್ಗಿ ಹೋಗಿತ್ತು.

ಬೋರ್ಡ್ ಹೋಗಿರಲಿಲ್ಲ. ಯಾವ ಪಾರ್ಟೂ ಕೆಟ್ಟಿರಲಿಲ್ಲ. ಆದರೆ ಅದು ಗೊತ್ತಾಗುವಷ್ಟರಲ್ಲಿ ರಾತ್ರಿ ಒಂಬತ್ತಾಯಿತು. ಆ ಮೂರು ಗಂಟೆಯಲ್ಲಿ ಅವನಿಗೆ ನಾನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಹೊಸ ಕಂಪ್ಯೂಟರ್ ಜೋಡಿಸಿ, ಎದೆ ಹೊಡೆದುಕೊಳ್ಳುತ್ತಾ ಬಟನ್ ಒತ್ತಿ, ಏನೂ ಆಗದೆ ಕೂತಿರುವ ಇನ್ನೊಬ್ಬರಿಗೆ ಇದು ಸಿಗಲಿ ಅನ್ನುವ ಆಸೆ.

ಮೊದಲೇ ಒಂದು ಮಾತು. "ಆನ್ ಆಗ್ತಿಲ್ಲ" ಅನ್ನುವುದು ಕಾಯಿಲೆಯ ಹೆಸರಲ್ಲ. ಡಾಕ್ಟರ ಹತ್ತಿರ ಹೋಗಿ "ಮೈ ಸರಿಯಿಲ್ಲ" ಅಂದ ಹಾಗೆ ಅಷ್ಟೆ. ಜ್ವರವೋ, ನೋವೋ, ಎಲ್ಲಿ, ಯಾವಾಗಿನಿಂದ ಎಂದು ಅವರು ಕೇಳುತ್ತಾರಲ್ವಾ? ಇಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿಯ ತನಕ ಬಂದು ನಿಂತಿತು? ಕಂಪ್ಯೂಟರ್ ಏಳುವುದಕ್ಕೆ ಒಂದು ಕ್ರಮ ಇದೆ. ಆ ಕ್ರಮ ಗೊತ್ತಿದ್ದರೆ, ನಿಂತ ಜಾಗವೇ ಯಾವ ಪಾರ್ಟನ್ನು ನೋಡಬೇಕು ಅಂತ ಹೇಳುತ್ತದೆ.

(ನಮ್ಮ ಕಡೆ ಇಡೀ ಡಬ್ಬಿಗೇ ಸಿಪಿಯು ಅನ್ನುತ್ತಾರೆ. ಗೊಂದಲ ಬೇಡ ಅಂತ ನಾನು ಡಬ್ಬಿಗೆ ಕ್ಯಾಬಿನೆಟ್, ಒಳಗಿನ ಚಿಪ್‌ಗೆ ಪ್ರೊಸೆಸರ್, ಎಲ್ಲ ಪಾರ್ಟುಗಳು ಕೂರುವ ಮದರ್‌ಬೋರ್ಡಿಗೆ ಬೋರ್ಡ್ ಅನ್ನುತ್ತೇನೆ. ಕರೆಂಟ್ ಕೊಡುವ ಪೆಟ್ಟಿಗೆಗೆ ಅಂಗಡಿಯಲ್ಲಿ ಕರೆಯುವ ಹಾಗೆ ಎಸ್‌ಎಂಪಿಎಸ್.)

ಬಟನ್ ಒತ್ತಿದ ಮೇಲೆ ಒಳಗೆ ಏನಾಗುತ್ತದೆ

ಹಳೇ ಕಾಲದ ಕಂಪ್ಯೂಟರುಗಳಲ್ಲಿ ಮುಂದಿನ ಸ್ವಿಚ್ ನಿಜವಾಗಿಯೂ ಕರೆಂಟಿನ ಸ್ವಿಚ್ಚೇ ಆಗಿತ್ತು, ಗೋಡೆಯ ಮೇಲಿನ ಲೈಟ್ ಸ್ವಿಚ್ ಹಾಗೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ವ್ಯವಸ್ಥೆ ತಂದ ಮೇಲೆ ಅದು ಬದಲಾಯಿತು. ಈಗ ಆ ಬಟನ್ ಕಾಲಿಂಗ್ ಬೆಲ್ ಇದ್ದ ಹಾಗೆ. ಅದು ಕರೆಂಟ್ ಹರಿಸುವುದಿಲ್ಲ, ಕೇಳುತ್ತದೆ ಅಷ್ಟೆ.

ಕ್ಯಾಬಿನೆಟ್ಟಿನ ಹಿಂಬದಿಯ ಸ್ವಿಚ್ ಆನ್ ಮಾಡಿದ ಕ್ಷಣದಿಂದಲೇ ಎಸ್‌ಎಂಪಿಎಸ್ 5 ವೋಲ್ಟಿನ ಒಂದು ಸಣ್ಣ ಲೈನನ್ನು ಬೋರ್ಡಿಗೆ ಕೊಡುತ್ತಿರುತ್ತದೆ. ಕಂಪ್ಯೂಟರ್ ಮಲಗಿದ್ದರೂ ಈ ಲೈನ್ ಎಚ್ಚರವಾಗಿರುತ್ತದೆ. ನೀವು ಬಟನ್ ಒತ್ತಿದಾಗ ಬೋರ್ಡು ಎಸ್‌ಎಂಪಿಎಸ್‌ಗೆ ಸಂದೇಶ ಕಳಿಸುತ್ತದೆ. ಆಗ ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟಿನ ದೊಡ್ಡ ಲೈನುಗಳನ್ನು ತೆರೆಯುತ್ತದೆ. ಅವು ಸ್ಥಿರವಾದವು ಅಂತ ಖಾತ್ರಿಯಾದ ಮೇಲೆ, ಅಂದರೆ ಅರ್ಧ ಸೆಕೆಂಡಿನೊಳಗೆ, "ಕರೆಂಟ್ ಸರಿಯಿದೆ" ಅಂತ ಬೋರ್ಡಿಗೆ ತಿಳಿಸುತ್ತದೆ. ಅಲ್ಲಿಯವರೆಗೂ ಪ್ರೊಸೆಸರನ್ನು ಬೋರ್ಡ್ ತಡೆದು ಹಿಡಿದಿರುತ್ತದೆ. ಆಮೇಲೆ ಬಿಡುತ್ತದೆ. ಪ್ರೊಸೆಸರ್ ಎದ್ದು, ಬಯೋಸ್ ಅನ್ನುವ ಮೊದಲ ಪ್ರೋಗ್ರಾಂ ಇರುವ ಚಿಪ್‌ನಲ್ಲಿ ಬರೆದಿದ್ದನ್ನು ಓದಲು ಶುರು ಮಾಡುತ್ತದೆ. ಅದು ರ‍್ಯಾಮ್ ಹುಡುಕುತ್ತದೆ. ರ‍್ಯಾಮ್ ಸಿಕ್ಕ ಮೇಲೆ ಗ್ರಾಫಿಕ್ಸ್, ಅಂದರೆ ಚಿತ್ರ ಮೂಡಿಸುವ ಭಾಗವನ್ನು ಹುಡುಕುತ್ತದೆ. ಗ್ರಾಫಿಕ್ಸ್ ಎದ್ದ ಮೇಲೆ ಮಾನಿಟರಿನಲ್ಲಿ ಚಿತ್ರ. ಕೊನೆಗೆ ಡಿಸ್ಕ್, ಅದರಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್.

ಮದುವೆ ಮನೆಯಲ್ಲಿ ಬೆಳಗಿನ ಜಾವ ಒಬ್ಬರು ಎದ್ದು ಇನ್ನೊಬ್ಬರನ್ನು ಎಬ್ಬಿಸುವ ಹಾಗೆ ಇದು ನಡೆಯುತ್ತದೆ. ನಡುವೆ ಒಬ್ಬರು ಏಳದಿದ್ದರೆ ಅವರ ಮುಂದಿನವರು ಯಾರೂ ಏಳುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಮಾನಿಟರಿನ ಸರದಿ ಬರುವುದು ಬಹಳ ಕೊನೆಗೆ. ಅದಕ್ಕೇ "ಡಿಸ್‌ಪ್ಲೇ ಬರ್ತಿಲ್ಲ" ಅಂದಾಗ ತಪ್ಪು ಡಿಸ್‌ಪ್ಲೇಯದ್ದೇ ಆಗಿರಬೇಕು ಅಂತೇನಿಲ್ಲ. ಅದಕ್ಕಿಂತ ಮುಂಚಿನ ಯಾರಾದರೂ ಮಲಗಿರಬಹುದು.

ಏನೂ ಆಗದೇ ಇದ್ದರೆ

ಫ್ಯಾನೂ ಇಲ್ಲ, ಲೈಟೂ ಇಲ್ಲ ಅಂದರೆ ಮೊದಲು ಹೊರಗಿನಿಂದ ಶುರು ಮಾಡಿ. ಗೋಡೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ಚಿನಲ್ಲಿ ಗೆರೆಯ ಕಡೆ ಒತ್ತಿದೆಯೋ, ಸೊನ್ನೆಯ ಕಡೆಯೋ ನೋಡಿ. ಗೆರೆ ಅಂದರೆ ಆನ್. ಯುಪಿಎಸ್ ಮತ್ತು ಸ್ಪೈಕ್ ಬಸ್ಟರ್ ಎರಡನ್ನೂ ಬದಿಗಿಟ್ಟು ನೇರವಾಗಿ ಗೋಡೆಗೆ ಹಾಕಿ. ಮನೆಗಳಲ್ಲಿರುವ ಚಿಕ್ಕ ಯುಪಿಎಸ್‌ಗಳಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಹೊರೆಯಾಗುವುದುಂಟು. ಕರೆಂಟ್ ಹೋದಾಗ ಅದು ಬೇಕೇ ಬೇಕು ಅನ್ನುವವರು ಆಮೇಲೆ ಜೋಡಿಸಿಕೊಳ್ಳಲಿ. ಪರೀಕ್ಷೆ ಮಾಡುವಾಗ ನಡುವೆ ಯಾರೂ ಬೇಡ.

ಮುಂದಿನದು 24 ಪಿನ್ನಿನ ದಪ್ಪ ಕೇಬಲ್. ಅದು ಬೋರ್ಡಿಗೆ ಕೂರುವಾಗ ನಿಜಕ್ಕೂ ಬಲ ಹಾಕಬೇಕು. ಕೊಕ್ಕೆ "ಟಕ್" ಅಂತ ಸಿಕ್ಕಿಕೊಳ್ಳಬೇಕು. ಹೊಸಬರು ಬೋರ್ಡ್ ಮುರಿದೀತು ಅಂತ ಹೆದರಿ ಅರ್ಧಕ್ಕೇ ಬಿಡುತ್ತಾರೆ. ಹಿಂದಿನಿಂದ ಬೋರ್ಡಿನ ಅಂಚಿಗೆ ಬೆರಳು ಕೊಟ್ಟು ಒತ್ತಿದರೆ ಬೋರ್ಡ್ ಬಾಗುವುದಿಲ್ಲ. ಮಾಡ್ಯುಲರ್ ಎಸ್‌ಎಂಪಿಎಸ್, ಅಂದರೆ ಕೇಬಲ್ಲುಗಳನ್ನು ಕಿತ್ತು ಹಾಕಬಹುದಾದದ್ದು ಆದರೆ, ಕೇಬಲ್ಲಿನ ಇನ್ನೊಂದು ತುದಿಯನ್ನೂ ನೋಡಿ. ಅಲ್ಲಿಯೂ ಸಡಿಲ ಇರಬಹುದು.

ಇಲ್ಲಿ ಒಂದು ಎಚ್ಚರಿಕೆ ಜೋರಾಗಿಯೇ ಹೇಳಬೇಕು. ಹಳೇ ಎಸ್‌ಎಂಪಿಎಸ್‌ನ ಕೇಬಲ್ಲನ್ನು ಹೊಸ ಎಸ್‌ಎಂಪಿಎಸ್‌ಗೆ ಹಾಕಬೇಡಿ, ಸರಿಯಾಗಿ ಕೂತರೂ ಸಹ. ಬೋರ್ಡಿನ ಕಡೆಯ ತುದಿಗೆ ಎಲ್ಲರೂ ಒಂದೇ ನಿಯಮ ಪಾಲಿಸುತ್ತಾರೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ಒಬ್ಬ ತಯಾರಕರು 5 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಬ್ಬರು 12 ವೋಲ್ಟ್ ಇಟ್ಟಿರಬಹುದು. ಹಾಗೆ ಹಾಕಿ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಸುಟ್ಟುಕೊಂಡವರಿದ್ದಾರೆ.

ಕೇಬಲ್ ಸರಿಯಿದ್ದರೆ ಬಟನ್ ಕಡೆ ಬನ್ನಿ. ಕ್ಯಾಬಿನೆಟ್ಟಿನ ಮುಂದಿನ ಬಟನ್ನಿನಿಂದ ಎರಡು ಸಣ್ಣ ವೈರ್ ಬಂದು ಬೋರ್ಡಿನ ಮೂಲೆಯ ಎರಡು ಪಿನ್ನಿಗೆ ಸೇರುತ್ತವೆ. ಅಕ್ಕಪಕ್ಕದಲ್ಲಿ ಲೈಟಿಗೆ, ರೀಸೆಟ್ಟಿಗೆ ಅಂತ ಇನ್ನೂ ಏಳೆಂಟು ಪಿನ್‌ಗಳು ಇರುತ್ತವೆ. ಒಂದು ಪಿನ್ ಆಚೀಚೆ ಆದರೂ ಬಟನ್ ಕೆಲಸ ಮಾಡುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಚಿತ್ರ ಇದೆ, ಅದನ್ನು ನೋಡಿಯೇ ಹಾಕಿ. ಬಟನ್ನಿನ ವೈರಿಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದರೂ ಸರಿ. ಲೈಟಿನ ವೈರಿಗೆ ಮಾತ್ರ ಇದೆ. ಬಟನ್ನೇ ಕೆಟ್ಟಿದೆಯಾ ಅಂತ ತಿಳಿಯಬೇಕಾದರೆ ವೈರ್ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಒಟ್ಟಿಗೆ ಮುಟ್ಟಿಸಿ. ಅಲ್ಲಿರುವುದು ತೀರಾ ಕಡಿಮೆ ವೋಲ್ಟೇಜು, ಹೆದರಬೇಡಿ. ಸರಿಯಾದ ಪಿನ್ ಹೌದಾ ಅಂತ ಮಾತ್ರ ಎರಡು ಸಲ ನೋಡಿ. ಕಂಪ್ಯೂಟರ್ ಎದ್ದರೆ ತಪ್ಪು ಬಟನ್ನಿನದ್ದು.

ಅಂದಹಾಗೆ, ಕ್ಯಾಬಿನೆಟ್ ಮುಟ್ಟಿದಾಗ ಕೈಗೆ ಸಣ್ಣಗೆ ಜುಮ್ ಅನ್ನುತ್ತದೆಯಾ? ನಮ್ಮಲ್ಲಿ ಹಳೇ ಮನೆಗಳಲ್ಲಿ ಇದು ಸಾಮಾನ್ಯ. ಅದು ಕಂಪ್ಯೂಟರಿನ ದೋಷವಲ್ಲ, ಆ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ ಅಂತ ಅರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ತೀರಾ ಸಣ್ಣ ಕರೆಂಟನ್ನು ಅರ್ಥಿಗೆ ಬಿಡುತ್ತಿರುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಲೋಹದಲ್ಲೇ ಉಳಿಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ ಮಾಡಿಕೊಳ್ಳುವ ಅಡಾಪ್ಟರ್ ಮಾತ್ರ ಬೇಡ.

ಇಷ್ಟಾದರೂ ಏಳದಿದ್ದರೆ ಎಸ್‌ಎಂಪಿಎಸ್ ಮೇಲೆ ಸಂಶಯ ಬರುತ್ತದೆ. ಅದರ ಫ್ಯಾನ್ ತಿರುಗುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಕೆಟ್ಟಿದೆ ಅಂದುಕೊಳ್ಳಬೇಡಿ. ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳು ಬಿಸಿಯಾಗುವ ತನಕ ಫ್ಯಾನ್ ತಿರುಗಿಸುವುದೇ ಇಲ್ಲ. ಸ್ನೇಹಿತರ ಮನೆಯಿಂದ ಕೆಲಸ ಮಾಡುತ್ತಿರುವ ಒಂದನ್ನು ಅದರದೇ ಕೇಬಲ್ ಸಮೇತ ತಂದು ಹಾಕಿ ನೋಡುವುದು ಒಳ್ಳೆಯ ದಾರಿ. ಎಸ್‌ಎಂಪಿಎಸ್ ಬಿಚ್ಚಿ ನೋಡುವ ಆಲೋಚನೆ ಮಾತ್ರ ಬೇಡವೇ ಬೇಡ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಮೀರಿದ ಕರೆಂಟ್ ಕೂತಿರಬಹುದು. ಜೀವಕ್ಕೇ ಅಪಾಯ.

ಆನ್ ಆಗಿ ತಕ್ಷಣ ಆಫ್

ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುತ್ತದೆ. ಇದು ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ. ಎಲ್ಲೋ ಶಾರ್ಟ್ ಆಗಿದೆ ಅನ್ನಿಸಿದ ಕೂಡಲೇ ಅದು ಕೈ ಬಿಡುತ್ತದೆ.

ಹೊಸದಾಗಿ ಜೋಡಿಸಿದ್ದರಲ್ಲಿ ನಾನು ಮೊದಲು ನೋಡುವುದು ಬೋರ್ಡಿನ ಕೆಳಗೆ. ಕ್ಯಾಬಿನೆಟ್ಟಿನ ತಗಡಿಗೂ ಬೋರ್ಡಿಗೂ ನಡುವೆ ಅಂತರ ಇಡಲು ಹಿತ್ತಾಳೆಯ ಪುಟ್ಟ ಕಂಬಗಳು ಇರುತ್ತವೆ. ಬೋರ್ಡಿನಲ್ಲಿ ಎಲ್ಲಿ ತೂತು ಇದೆಯೋ ಅಲ್ಲಿ ಮಾತ್ರ ಅವು ಇರಬೇಕು. ದೊಡ್ಡ ಬೋರ್ಡಿಗೆ ಅಂತ ಮೊದಲೇ ಹಾಕಿಟ್ಟ ಕಂಬ ಚಿಕ್ಕ ಬೋರ್ಡಿನ ಕೆಳಗೆ ಉಳಿದುಹೋದರೆ, ಅದು ಬೆಸುಗೆಯ ಚುಕ್ಕೆಗಳಿಗೆ ತಾಗಿ ಶಾರ್ಟ್ ಮಾಡುತ್ತದೆ. ಕೈ ಜಾರಿ ಬಿದ್ದ ಒಂದು ಸ್ಕ್ರೂ ಕೂಡ ಅದೇ ಕೆಲಸ ಮಾಡಬಹುದು. ಕ್ಯಾಬಿನೆಟ್ ಎತ್ತಿ ಮೆಲ್ಲಗೆ ಅಲ್ಲಾಡಿಸಿ, ಒಳಗೆ ಏನಾದರೂ ಗಲಗಲ ಅನ್ನುತ್ತದಾ ಕೇಳಿ. ಹಿಂಬದಿಯ ತಗಡಿನ ಪಟ್ಟಿಯಲ್ಲಿ ಸಣ್ಣ ನಾಲಗೆಗಳಿರುತ್ತವೆ. ಅವು ಕೆಲವೊಮ್ಮೆ ಯುಎಸ್‌ಬಿ ಅಥವಾ ನೆಟ್‌ವರ್ಕ್ ಪೋರ್ಟಿನ ಒಳಗೇ ಹೊಕ್ಕಿರುತ್ತವೆ. ಅದನ್ನೂ ನೋಡಿ.

ತಿರುಗುತ್ತದೆ, ಹೊಳೆಯುತ್ತದೆ, ಆದರೆ ಕಪ್ಪು

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅಕ್ಕನ ಮಗ ನಿಂತಿದ್ದೂ ಇಲ್ಲೇ.

ಫ್ಯಾನ್ ತಿರುಗಿತು ಅಂದರೆ ಎಲ್ಲ ಸರಿಯಿದೆ ಅಂತಲ್ಲ. ಫ್ಯಾನಿಗೆ ಬೇಕಾದದ್ದು 12 ವೋಲ್ಟ್ ಮಾತ್ರ. ಪ್ರೊಸೆಸರ್ ಎದ್ದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಮೊದಲು ಮಾನಿಟರಿನ ಕೇಬಲ್ ಎಲ್ಲಿಗೆ ಹಾಕಿದ್ದೀರಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಪೋರ್ಟಿಗೇ ಹಾಕಬೇಕು, ಮೇಲೆ ಬೋರ್ಡಿನಲ್ಲಿರುವ ಪೋರ್ಟಿಗಲ್ಲ. ಕಾರ್ಡ್ ಇಲ್ಲ ಅಂದರೆ ನಿಮ್ಮ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇದೆಯಾ ಅಂತ ತಿಳಿದುಕೊಳ್ಳಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ, ಉದಾಹರಣೆಗೆ ಐ5-12400ಎಫ್, ಗ್ರಾಫಿಕ್ಸ್ ಇರುವುದಿಲ್ಲ. ಎಎಂಡಿಯ ರೈಜನ್ 5 5600ರಲ್ಲೂ ಇಲ್ಲ. 5600ಜಿಯಲ್ಲಿ ಇದೆ. ರೈಜನ್ 5 7600ರಲ್ಲಿ ಇದೆ, 7500ಎಫ್‌ನಲ್ಲಿ ಇಲ್ಲ. ಒಂದೇ ಅಕ್ಷರದ ವ್ಯತ್ಯಾಸ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಕೊಂಡು, ಕಾರ್ಡ್ ಮುಂದಿನ ತಿಂಗಳು ತರೋಣ ಅಂದುಕೊಂಡರೆ, ಬೋರ್ಡಿನ ಪೋರ್ಟಿನಿಂದ ಚಿತ್ರ ಬರುವುದೇ ಇಲ್ಲ. ಬೋರ್ಡಿನಲ್ಲಿ ಪೋರ್ಟ್ ಇದೆಯಲ್ಲ ಅಂತ ಕೇಳಬಹುದು. ಅದು ಸುಮ್ನೆ ಬಾಗಿಲು. ಒಳಗಿನಿಂದ ಕಳಿಸುವವರು ಬೇಕಲ್ವಾ?

ಎರಡನೆಯದು ಪ್ರೊಸೆಸರಿನ ಕರೆಂಟ್. 24 ಪಿನ್ನಿನ ಕೇಬಲ್ ಸಾಲದು. ಬೋರ್ಡಿನ ಮೇಲ್ಭಾಗದ ಎಡ ಮೂಲೆಯಲ್ಲಿ, ಸಾಮಾನ್ಯವಾಗಿ ಕೈ ಹೋಗದ ಸಂದಿಯಲ್ಲಿ, 8 ಪಿನ್ನಿನ ಇನ್ನೊಂದು ಜಾಗ ಇದೆ. ಪ್ರೊಸೆಸರಿಗೆ ಕರೆಂಟ್ ಹೋಗುವುದು ಅಲ್ಲಿಂದ. ಅದನ್ನು ಮರೆತರೆ ಫ್ಯಾನ್, ಲೈಟ್ ಎಲ್ಲ ಬರುತ್ತವೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಕೇಬಲ್ ಕೂಡ 8 ಪಿನ್ನಿನದೇ, ನೋಡಲು ಹಾಗೇ ಇರುತ್ತದೆ. ಒಡೆಯುವ ರೀತಿ ನೋಡಿ ಗುರುತಿಸಿ: ನಾಲ್ಕು ನಾಲ್ಕಾಗಿ ಬೇರೆಯಾದರೆ ಪ್ರೊಸೆಸರಿನದು, ಆರು ಎರಡಾಗಿ ಬೇರೆಯಾದರೆ ಗ್ರಾಫಿಕ್ಸಿನದು. ತಪ್ಪಾಗಿ ಕೂರದ ಹಾಗೆ ಅಚ್ಚು ಬೇರೆ ಮಾಡಿರುತ್ತಾರೆ. ಆದರೆ ಒತ್ತಾಯ ಮಾಡಿದರೆ ಪ್ಲಾಸ್ಟಿಕ್ ಸೋಲುತ್ತದೆ. ಕೂರುತ್ತಿಲ್ಲ ಅಂದರೆ ನಿಲ್ಲಿಸಿ. ಗ್ರಾಫಿಕ್ಸ್ ಕಾರ್ಡಿಗೆ ಅದರದೇ ಕೇಬಲ್ ಹಾಕಲು ಮರೆಯುವವರೂ ಇದ್ದಾರೆ.

ಇವೆರಡೂ ಸರಿಯಿದ್ದರೆ ಬೋರ್ಡಿನ ಮೇಲೆ ಕಣ್ಣು ಹಾಯಿಸಿ. ಈಗಿನ ಬಹಳಷ್ಟು ಬೋರ್ಡುಗಳಲ್ಲಿ ನಾಲ್ಕು ಪುಟ್ಟ ಲೈಟುಗಳು ಸಾಲಾಗಿ ಇರುತ್ತವೆ. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದಿರುತ್ತದೆ, ಅಂದರೆ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕ್. ಆಸುಸ್‌ನವರು ಇದಕ್ಕೆ ಕ್ಯೂ-ಎಲ್‌ಇಡಿ ಅನ್ನುತ್ತಾರೆ, ಎಂಎಸ್‌ಐನವರು ಈಜಿ ಡೀಬಗ್ ಎಲ್‌ಇಡಿ ಅನ್ನುತ್ತಾರೆ. ಮೇಲೆ ಹೇಳಿದ ಸರದಿಯೇ ಇದು. ಒಂದೊಂದು ಹಂತ ದಾಟಿದಾಗ ಒಂದೊಂದು ಹತ್ತಿ ಆರುತ್ತದೆ. ಯಾವುದು ಆರದೆ ನಿಂತಿತೋ ಅಲ್ಲೇ ತೊಂದರೆ. ಕೆಲವು ದುಬಾರಿ ಬೋರ್ಡುಗಳಲ್ಲಿ ಎರಡು ಅಂಕಿ ತೋರಿಸುವ ಪುಟ್ಟ ಪರದೆ ಇರುತ್ತದೆ. ಅದರ ಅರ್ಥ ಮ್ಯಾನ್ಯುಯಲ್‌ನ ಪಟ್ಟಿಯಲ್ಲಿದೆ. 1981ರಲ್ಲಿ ಬಂದ ಮೊದಲ ಐಬಿಎಂ ಪಿಸಿ ಪರೀಕ್ಷೆ ಮುಗಿದಾಗ ಒಂದು ಚಿಕ್ಕ "ಬೀಪ್" ಮಾಡುತ್ತಿತ್ತು. ಆ ಬೀಪ್ ಈಗಲೂ ಇದೆ, ಸ್ಪೀಕರ್ ಮಾತ್ರ ಕ್ಯಾಬಿನೆಟ್ ಜೊತೆ ಬರುವುದು ಕಡಿಮೆಯಾಗಿದೆ. ಲೈಟ್ ಇಲ್ಲದ ಬೋರ್ಡಾದರೆ ಆ ಪುಟ್ಟ ಸ್ಪೀಕರ್ ಒಂದನ್ನು ತಂದು ಹಾಕಿಕೊಳ್ಳಿ, ಬಹಳ ಉಪಕಾರಿ.

ಅಕ್ಕನ ಮಗನಿಗೆ ಕ್ಯಾಮೆರಾ ಬೋರ್ಡಿನ ಹತ್ತಿರ ಹಿಡಿಯಲು ಹೇಳಿದೆ. ಡಿರ‍್ಯಾಮ್ ಲೈಟ್ ಉರಿಯುತ್ತಿತ್ತು. ಅಂದರೆ ಪ್ರೊಸೆಸರ್ ಎದ್ದಿದೆ, ರ‍್ಯಾಮಿನಲ್ಲಿ ನಿಂತಿದೆ. ಅರ್ಧ ಕೆಲಸ ಮುಗಿದ ಹಾಗೆ.

"ಬಟನ್ ಒತ್ತಿ ಎಷ್ಟು ಹೊತ್ತು ಕಾದೆ?" ಅಂತ ಕೇಳಿದೆ.

"ಅರ್ಧ ನಿಮಿಷ. ಬರ್ಲಿಲ್ಲ ಅಂತ ಆಫ್ ಮಾಡ್ದೆ. ಒಂದು ಹತ್ತು ಸಲ ಹಾಗೇ ಮಾಡಿದೀನಿ."

ಇದು ಹೊಸ ತಲೆಮಾರಿನ ಕಂಪ್ಯೂಟರುಗಳಲ್ಲಿ ಎಲ್ಲರಿಗೂ ತಿಳಿದಿರಬೇಕಾದ ವಿಷಯ. ಅವನದು ಡಿಡಿಆರ್5 ರ‍್ಯಾಮ್. ಈ ರ‍್ಯಾಮ್ ಎಷ್ಟು ವೇಗದಲ್ಲಿ ಓಡುತ್ತದೆಂದರೆ, ಪ್ರೊಸೆಸರಿನಿಂದ ರ‍್ಯಾಮಿಗೆ ಹೋಗುವ ಗೆರೆಗಳ ಉದ್ದದಲ್ಲಿರುವ ಕೂದಲೆಳೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೊದಲ ಸಲ ಆನ್ ಆದಾಗ ಬೋರ್ಡು ರ‍್ಯಾಮಿನ ಜೊತೆ ತಾಳ ಹೊಂದಿಸಿಕೊಳ್ಳುತ್ತದೆ. ಕಛೇರಿ ಶುರುವಾಗುವ ಮುಂಚೆ ಮೃದಂಗದವರು ಶ್ರುತಿ ಮಾಡಿಕೊಳ್ಳುತ್ತಾರಲ್ಲ, ಹಾಗೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ರ‍್ಯಾಮ್ ಜಾಸ್ತಿ ಇದ್ದಷ್ಟೂ ಸಮಯವೂ ಜಾಸ್ತಿ. ಆ ಹೊತ್ತಿನಲ್ಲಿ ಮಾನಿಟರ್ ಕಪ್ಪಗಿರುತ್ತದೆ, ಡಿರ‍್ಯಾಮ್ ಲೈಟ್ ಉರಿಯುತ್ತಿರುತ್ತದೆ, ಕಂಪ್ಯೂಟರ್ ತಾನಾಗಿಯೇ ಒಂದೆರಡು ಸಲ ಆಫ್ ಆಗಿ ಆನ್ ಆಗಲೂಬಹುದು. ನೋಡುವವರಿಗೆ ಕೆಟ್ಟುಹೋದ ಹಾಗೇ ಕಾಣುತ್ತದೆ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಅವನು ಹತ್ತು ಸಲವೂ ಶ್ರುತಿ ಮುಗಿಯುವ ಮುಂಚೆಯೇ ಎಬ್ಬಿಸಿ ಕಳಿಸಿದ್ದ.

"ಆನ್ ಮಾಡು, ಕೈ ಕಟ್ಟಿ ಕೂತ್ಕೋ, ಕಾಫಿ ಕುಡಿ" ಅಂದೆ. ಹದಿನೈದು ನಿಮಿಷ ಕಾದೆವು. ಆದರೂ ಬರಲಿಲ್ಲ. ಅಂದರೆ ಇನ್ನೂ ಏನೋ ಇದೆ.

ರ‍್ಯಾಮ್‌ನಲ್ಲಿ ತೊಂದರೆ ಅನ್ನಿಸಿದಾಗ ಮಾಡುವುದು ಒಂದೇ. ಆಫ್ ಮಾಡಿ, ಪ್ಲಗ್ ಕಿತ್ತು, ಎಲ್ಲ ರ‍್ಯಾಮ್ ತೆಗೆಯಿರಿ. ಒಂದೇ ಒಂದನ್ನು ಹಾಕಿ. ನಾಲ್ಕು ಸ್ಲಾಟ್ ಇರುವ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿದರೆ ಎರಡನೆಯದರಲ್ಲಿ ಹಾಕಬೇಕು. ಬೋರ್ಡಿನ ಮೇಲೆ ಎ2 ಅಂತ ಬರೆದಿರುತ್ತದೆ. ಎರಡು ರ‍್ಯಾಮ್ ಇದ್ದರೆ ಎರಡು ಮತ್ತು ನಾಲ್ಕನೆಯದು, ಅಂದರೆ ಎ2 ಮತ್ತು ಬಿ2. ಪಕ್ಕಪಕ್ಕದಲ್ಲಿ ಹಾಕುವುದು, ಒಂದು ಮತ್ತು ಮೂರರಲ್ಲಿ ಹಾಕುವುದು ಎರಡೂ ತಪ್ಪು. ಎಷ್ಟೋ ಬೋರ್ಡುಗಳಲ್ಲಿ ಒಂದು ತುದಿಗೆ ಮಾತ್ರ ಕೊಕ್ಕೆ ಇರುತ್ತದೆ, ಇನ್ನೊಂದು ತುದಿಯಲ್ಲಿ ಸುಮ್ನೆ ಒಂದು ಸಂದಿ ಇರುತ್ತದೆ. ಕೊಕ್ಕೆ ಇಲ್ಲದ ತುದಿ ಸರಿಯಾಗಿ ಇಳಿಯದೆ ಉಳಿದುಬಿಡುವುದು ಅಲ್ಲೇ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ರ‍್ಯಾಮಿನ ಅಂಚು ಸ್ಲಾಟಿಗೆ ಸಮನಾಗಿ ನೇರ ಕೂತಿದೆಯಾ ಅಂತ ಪಕ್ಕದಿಂದ ಕಣ್ಣಿಟ್ಟು ನೋಡಿ.

ಅಂಗಡಿಗಳಲ್ಲಿ ರ‍್ಯಾಮಿನ ಚಿನ್ನದ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿ ಹಾಕುವುದನ್ನು ನೀವು ನೋಡಿರಬಹುದು. ವರ್ಷಗಟ್ಟಲೆ ಧೂಳು ಕುಡಿದ ಹಳೇ ರ‍್ಯಾಮಿಗೆ ಅದು ಕೆಲಸ ಮಾಡಿದ್ದುಂಟು. ಹೊಸ ರ‍್ಯಾಮಿಗೆ ಅದರ ಅಗತ್ಯವಿಲ್ಲ. ಉಜ್ಜಿದ ಮೇಲೆ ಸರಿಹೋಯಿತು ಅಂದರೆ, ನಿಜವಾಗಿ ಸರಿಹೋಗಿದ್ದು ತೆಗೆದು ಮತ್ತೆ ಒತ್ತಿ ಹಾಕಿದ್ದರಿಂದ.

ಅಕ್ಕನ ಮಗ ಒಂದು ರ‍್ಯಾಮ್ ಎ2ಗೆ ಹಾಕಿದ. ಬಟನ್ ಒತ್ತಿದ. ಇಬ್ಬರೂ ಮಾತಾಡದೆ ಪರದೆಯ ಆಚೀಚೆ ಕಾದೆವು. ನಾಲ್ಕು ನಿಮಿಷದ ಮೇಲೆ ಬೋರ್ಡ್ ಕಂಪನಿಯ ಲೋಗೋ ಬಂತು. ಅವನ ಅಮ್ಮ ಅಡುಗೆಮನೆಯಿಂದ "ಬಂತೇನೋ?" ಅಂತ ಕೂಗಿದ್ದು ನನಗೂ ಕೇಳಿಸಿತು. ಎರಡನೆಯದನ್ನು ಹಾಕುವಾಗ ಗೊತ್ತಾಯಿತು, ಅದು ಮೊದಲು ಕೊಕ್ಕೆ ಇಲ್ಲದ ತುದಿಯಲ್ಲಿ ಅರ್ಧವೇ ಇಳಿದಿತ್ತು. ಎರಡು ಕಾರಣ ಒಟ್ಟಿಗೆ ಕೂತಿದ್ದವು: ಸರಿಯಾಗಿ ಕೂರದ ರ‍್ಯಾಮ್, ಕಾಯದ ಕೈ.

ಲೈಟ್ ಸಿಪಿಯು ಹತ್ತಿರವೇ ನಿಂತರೆ

ರ‍್ಯಾಮಿನ ತನಕವೂ ಬರದೆ ಸಿಪಿಯು ಲೈಟ್ ಉರಿಯುತ್ತಿದ್ದರೆ, 8 ಪಿನ್ನಿನ ಕೇಬಲ್ ಮತ್ತೊಮ್ಮೆ ನೋಡಿದ ಮೇಲೆ ಎರಡು ಸಾಧ್ಯತೆ ಉಳಿಯುತ್ತವೆ.

ಒಂದು, ಬೋರ್ಡಿಗೆ ನಿಮ್ಮ ಪ್ರೊಸೆಸರಿನ ಪರಿಚಯವೇ ಇಲ್ಲದಿರುವುದು. ಬೋರ್ಡ್ ಕಾರ್ಖಾನೆಯಿಂದ ಹೊರಟಾಗ ಆ ಪ್ರೊಸೆಸರ್ ಮಾರುಕಟ್ಟೆಗೆ ಬಂದೇ ಇರಲಿಲ್ಲ ಅನ್ನಿ. ಬಯೋಸ್‌ನಲ್ಲಿ ಅದರ ಹೆಸರಿರುವುದಿಲ್ಲ. ಬಿ450 ಬೋರ್ಡಿಗೆ ರೈಜನ್ 5000 ಸರಣಿ, ಬಿ660 ಬೋರ್ಡಿಗೆ ಇಂಟೆಲ್ 13ನೇ ತಲೆಮಾರು, ಬಿ650 ಬೋರ್ಡಿಗೆ ರೈಜನ್ 9000 ಸರಣಿ ಹಾಕುವಾಗ ಹೀಗಾಗಬಹುದು. ಸಾಕೆಟ್ಟಿಗೆ ಸರಿಯಾಗಿ ಕೂರುತ್ತದೆ, ಆದರೂ ಏಳುವುದಿಲ್ಲ. ಅಂಗಡಿಯಲ್ಲಿ ಕೆಲವು ತಿಂಗಳು ಕೂತಿದ್ದ ಬೋರ್ಡಾದರೆ ಇದನ್ನು ಮೊದಲೇ ಕೇಳಿಕೊಳ್ಳಿ. ಪರಿಹಾರ ಇದೆ. ಬಯೋಸ್ ಫ್ಲ್ಯಾಶ್‌ಬ್ಯಾಕ್ ಅನ್ನುವ ಬಟನ್ ಹಿಂಬದಿಯಲ್ಲಿದ್ದರೆ, ಪ್ರೊಸೆಸರ್, ರ‍್ಯಾಮ್ ಎರಡೂ ಇಲ್ಲದೆಯೇ ಬಯೋಸ್ ಬದಲಿಸಬಹುದು. ತಯಾರಕರ ಸೈಟಿನಿಂದ ಹೊಸ ಫೈಲ್ ಇಳಿಸಿಕೊಂಡು, ಮ್ಯಾನ್ಯುಯಲ್ ಹೇಳಿದ ಹೆಸರು ಕೊಟ್ಟು, ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿಗೆ ಹಾಕಿ, ಗುರುತು ಮಾಡಿದ ಅದೇ ಪೋರ್ಟಿಗೆ ಚುಚ್ಚಿ, ಬಟನ್ ಒತ್ತಿ ಹಿಡಿಯಬೇಕು. ಲೈಟ್ ಮಿನುಗುವುದು ನಿಲ್ಲುವ ತನಕ ಕರೆಂಟ್ ಹೋಗಬಾರದು. ಈ ಒಂದು ಕೆಲಸಕ್ಕೆ ಯುಪಿಎಸ್ ಇದ್ದರೆ ಒಳ್ಳೆಯದು.

ಇನ್ನೊಂದು, ಸಾಕೆಟ್ಟಿನ ಪಿನ್ ಬಾಗಿರುವುದು. ಇಂಟೆಲ್‌ನ ಎಲ್‌ಜಿಎ1700ರಲ್ಲಿ 1700 ಪಿನ್, ಎಎಂಡಿಯ ಎಎಂ5ರಲ್ಲಿ 1718. ಕೂದಲಿನಷ್ಟು ಸಣ್ಣ, ಬೋರ್ಡಿನ ಮೇಲೇ ಇರುತ್ತವೆ. ಪ್ರೊಸೆಸರನ್ನು ಓರೆಯಾಗಿ ಬೀಳಿಸಿದರೆ ಒಂದೆರಡು ಬಾಗುತ್ತವೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಸಾಲುಗಳು ಗದ್ದೆಯ ನಾಟಿಯ ಹಾಗೆ ಒಂದೇ ಸಮ ಕಾಣಬೇಕು. ಎಲ್ಲೋ ಒಂದು ಕಡೆ ಬೆಳಕು ಬೇರೆ ರೀತಿ ಹೊಳೆದರೆ ಅಲ್ಲಿ ಬಾಗಿದೆ. ಬಾಗಿದ ಪಿನ್ನು ರ‍್ಯಾಮಿನ ದಾರಿಯದ್ದಾಗಿದ್ದರೆ ಒಂದು ಬದಿಯ ಸ್ಲಾಟುಗಳು ಮಾತ್ರ ಸತ್ತಿರುತ್ತವೆ. ಪ್ರೊಸೆಸರನ್ನು ತಂಪಾಗಿಡುವ ಕೂಲರನ್ನು ಒಂದು ಕಡೆ ಅತಿಯಾಗಿ ಬಿಗಿದರೂ ಇದೇ ತೊಂದರೆ ಬರಬಹುದು. ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಎಲ್ಲ ಬಿಚ್ಚಿ ರಟ್ಟಿನ ಮೇಲೆ

ಲೈಟುಗಳಿಂದಲೂ ಸುಳಿವು ಸಿಗದಿದ್ದರೆ ಕ್ಯಾಬಿನೆಟ್ಟಿನಿಂದ ಬೋರ್ಡ್ ಹೊರಗೆ ತೆಗೆಯಿರಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇದರಷ್ಟು ಖಚಿತವಾದ ದಾರಿ ಬೇರೆ ಇಲ್ಲ. ಬೋರ್ಡ್ ಬಂದ ರಟ್ಟಿನ ಡಬ್ಬಿಯ ಮೇಲೆ ಅದನ್ನು ಇಡಿ. ಬೆಳ್ಳಿ ಬಣ್ಣದ ಕವರಿನ ಮೇಲೆ ಬೇಡ, ಅದರ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್‌ನ ಎರಡು ಕೇಬಲ್, ಮಾನಿಟರ್. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡ್. ಎಸ್‌ಎಸ್‌ಡಿ ಬೇಡ, ಕೀಬೋರ್ಡ್ ಬೇಡ, ಬಣ್ಣದ ಲೈಟ್ ಬೇಡ. ಸ್ಕ್ರೂಡ್ರೈವರಿನಿಂದ ಪಿನ್ ಮುಟ್ಟಿಸಿ ಆನ್ ಮಾಡಿ. ಹೀಗೆ ಎದ್ದರೆ ತೊಂದರೆ ಕ್ಯಾಬಿನೆಟ್ಟಿನಲ್ಲಿ ಅಥವಾ ನೀವು ಬಿಟ್ಟ ಪಾರ್ಟಿನಲ್ಲಿದೆ. ಒಂದೊಂದೇ ಸೇರಿಸುತ್ತಾ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ. ಪ್ರತಿ ಸಲ ಪ್ಲಗ್ ಕಿತ್ತೇ ಕೈ ಹಾಕಿ.

ಡಿಸ್‌ಪ್ಲೇ ಬಂದ ಮೇಲೆ

ಲೋಗೋ ಬಂದು, ಬೂಟ್ ಆಗುವ ಡಿಸ್ಕ್ ಇಲ್ಲ ಅನ್ನುವ ಸಂದೇಶ ಬಂದರೆ ಖುಷಿಪಡಿ. ಹೊಸ ಎಸ್‌ಎಸ್‌ಡಿ ಖಾಲಿ ಇರುತ್ತದೆ, ಅದರಲ್ಲಿ ವಿಂಡೋಸ್ ಇನ್ನೂ ಇಲ್ಲ. ಬಯೋಸ್ ಒಳಗೆ ಹೋಗಿ ಎಸ್‌ಎಸ್‌ಡಿಯ ಹೆಸರು ಕಾಣುತ್ತದಾ ನೋಡಿ. ಕಂಡರೆ, ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್ ಚುಚ್ಚಿ ಮುಂದುವರಿಯಿರಿ. ಕಾಣದಿದ್ದರೆ ಅದು ಎಂ.2 ಸ್ಲಾಟಿನಲ್ಲಿ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಎಂ.2 ಆಕಾರದಲ್ಲೇ ಸಾಟಾ, ಎನ್‌ವಿಎಂಇ ಅಂತ ಎರಡು ಬಗೆ ಇವೆ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿನಲ್ಲಿ ಸಾಟಾ ಬಗೆಯದು ಕಾಣುವುದಿಲ್ಲ.

ಬಯೋಸ್‌ನಲ್ಲಿ ಇದ್ದಾಗಲೇ ಪ್ರೊಸೆಸರಿನ ಬಿಸಿಯನ್ನೂ ನೋಡಿಬಿಡಿ. ನೋಡುನೋಡುತ್ತಲೇ ಏರಿ 90 ಡಿಗ್ರಿ ದಾಟಿದರೆ ತಕ್ಷಣ ಆಫ್ ಮಾಡಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆತಿರಬಹುದು. ಇಂಟೆಲ್ ಜೊತೆ ಬರುವ ಕೂಲರಾದರೆ ನಾಲ್ಕು ಗೂಟಗಳಲ್ಲಿ ಒಂದು ಸರಿಯಾಗಿ ಚುಚ್ಚಿಕೊಳ್ಳದೆ ಇರಬಹುದು. ಐದತ್ತು ನಿಮಿಷ ಓಡಿ ತಾನಾಗೇ ಆಫ್ ಆಗುವ ಹೊಸ ಕಂಪ್ಯೂಟರಿನಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಎಲ್ಲ ಸರಿಯಾಗಿ ಓಡಿ, ರ‍್ಯಾಮಿನ ವೇಗ ಹೆಚ್ಚಿಸಲು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಮತ್ತೆ ಕಪ್ಪಾಯಿತು ಅನ್ನಿ. ಬೋರ್ಡಿಗೆ ಆ ವೇಗ ಒಗ್ಗಲಿಲ್ಲ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಗುಂಡನೆಯ ಸಿಆರ್2032 ಸೆಲ್ಲನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿದರೆ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆ. ಸೆಲ್ಲಿಗೆ ಕೈ ಹೋಗದಿದ್ದರೆ ಅದೇ ಕೆಲಸಕ್ಕೆ ಎರಡು ಪಿನ್ ಕೊಟ್ಟಿರುತ್ತಾರೆ, ಮ್ಯಾನ್ಯುಯಲ್ ನೋಡಿ. ನೆನಪಿರಲಿ, ಇದಾದ ಮೇಲೆ ಮೆಮೊರಿ ಟ್ರೈನಿಂಗ್ ಮತ್ತೆ ಮೊದಲಿನಿಂದ ನಡೆಯುತ್ತದೆ. ಮತ್ತೆ ಕಾಯಬೇಕು.

ಇಷ್ಟೆಲ್ಲ ಮಾಡಿಯೂ ಏಳದಿದ್ದರೆ ಯಾವುದೋ ಪಾರ್ಟ್ ನಿಜವಾಗಿಯೂ ಕೆಟ್ಟು ಬಂದಿದೆ. ಹಾಗೂ ಆಗುತ್ತದೆ. ಆಗ ನೀವು ಅಂಗಡಿಗೆ ಹೋಗಿ "ಆನ್ ಆಗ್ತಿಲ್ಲ" ಅನ್ನುವ ಬದಲು "ಒಂದೇ ರ‍್ಯಾಮ್, ಎ2 ಸ್ಲಾಟ್, ಕ್ಯಾಬಿನೆಟ್ ಹೊರಗೆ, ಬೇರೆ ಎಸ್‌ಎಂಪಿಎಸ್ ಹಾಕಿದರೂ ಸಿಪಿಯು ಲೈಟ್‌ನಲ್ಲೇ ನಿಲ್ಲುತ್ತದೆ" ಅಂತ ಹೇಳಬಹುದು. ಎದುರಿಗಿರುವವರು ಕೂಡಲೇ ಗಮನ ಕೊಟ್ಟು ಕೇಳುತ್ತಾರೆ. ಬಿಲ್ಲು, ಡಬ್ಬಿಗಳು ಜೊತೆಗಿರಲಿ. ಬೋರ್ಡ್ ವಾಪಸ್ ಕೊಡುವುದಾದರೆ, ಸಾಕೆಟ್ಟಿನ ಮೇಲೆ ಮೊದಲು ಇದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಹುಡುಕಿ ಮತ್ತೆ ಹಾಕಿ, ಪಿನ್ನುಗಳು ನೇರ ಇರುವ ಫೋಟೊ ಒಂದನ್ನು ತೆಗೆದಿಟ್ಟುಕೊಳ್ಳಿ. ಬಾಗಿದ ಪಿನ್ ಇದ್ದರೆ ವಾರಂಟಿ ಕೊಡಲು ಒಪ್ಪುವುದು ಕಷ್ಟ. ಆ ಮುಚ್ಚಳವನ್ನು ಕಸಕ್ಕೆ ಎಸೆಯಬೇಡಿ ಅಂತ ಅಕ್ಕನ ಮಗನಿಗೂ ಹೇಳಿದ್ದೆ. ಕಂಪ್ಯೂಟರ್ ಸರಿಯಾಗಿ ಓಡುತ್ತಿದೆ, ಮುಚ್ಚಳ ಇನ್ನೂ ಅವನ ಮೇಜಿನ ಖಾನೆಯಲ್ಲಿದೆ.